85 ಮಿ.ಮೀ. ಲೆನ್ಸ್: ಕೈಯಿಂದ ತಿರುಗಿಸುವುದೋ, ತಾನೇ ಫೋಕಸ್ ಹಿಡಿಯುವುದೋ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು, ವಯಸ್ಸು 49, ಓದಲು ಕನ್ನಡಕ ಬೇಕು. ಸೋನಿ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಇದೆ. ಯಕ್ಷಗಾನದ ಚೌಕಿ (ವೇಷ ಕಟ್ಟಿಕೊಳ್ಳುವ ಜಾಗ) ಮತ್ತು ರಂಗಸ್ಥಳ, ಹಳೇಬೀಡಿನ ಶಿಲ್ಪಗಳು, ಮನೆಯ ಇಬ್ಬರು ಮಕ್ಕಳು, ಹೆಚ್ಚಾಗಿ ಇವನ್ನೇ ತೆಗೆಯುತ್ತೇನೆ. ಕೂಡಿಟ್ಟ ಹಣದಲ್ಲಿ ಒಂದು ಒಳ್ಳೆಯ 85 ಮಿ.ಮೀ. ಲೆನ್ಸ್ ಕೊಳ್ಳುವ ಆಸೆ. ಝೈಸ್ ಕಂಪನಿಯ ಓಟಸ್ ಎಂಎಲ್ ಲೆನ್ಸ್ ಮೇಲೆ ಮನಸ್ಸು ಹೋಗಿದೆ, ಆದರೆ ಅದರಲ್ಲಿ ಆಟೋಫೋಕಸ್ ಇಲ್ಲ. ಆಟೋಫೋಕಸ್ ಇರುವ ಸಿಗ್ಮಾ ಆರ್ಟ್ ಅದರ ಅರ್ಧ ಬೆಲೆಗೂ ಕಡಿಮೆ. ಅಷ್ಟು ದುಬಾರಿ ಲೆನ್ಸ್‌ನಲ್ಲಿ ಆಟೋಫೋಕಸ್ ಏಕಿಲ್ಲ? ಆ ಬೆಲೆಯ ವ್ಯತ್ಯಾಸ ಚಿತ್ರದಲ್ಲಿ ನಿಜಕ್ಕೂ ಕಾಣುತ್ತದೆಯೇ?

ಉತ್ತರ: ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಲೆನ್ಸ್ ಕೊಳ್ಳುವಷ್ಟು ಹಣವಿದ್ದರೆ, ನೀವು ಬರೆದಿರುವ ವಿಷಯಗಳಿಗೆ, ಆಟೋಫೋಕಸ್ ಇರುವುದನ್ನೇ ಕೊಳ್ಳಿ. ಕೈಯಿಂದ ಫೋಕಸ್ ಮಾಡುವ ಮ್ಯಾನುಯಲ್ ಲೆನ್ಸ್‌ಗಳ ಮೇಲೆ ನನಗೆ ಬಹಳ ಪ್ರೀತಿ. ನನ್ನ ಚೀಲದಲ್ಲಿ ಇವತ್ತಿಗೂ ಎರಡು ಇವೆ. ಆ ಪ್ರೀತಿಯಿಂದಲೇ ಈ ಮಾತು ಹೇಳುತ್ತಿದ್ದೇನೆ. ತಪ್ಪು ಕಾರಣಕ್ಕೆ ಅವನ್ನು ಕೊಂಡು, ವರ್ಷ ತುಂಬುವ ಮೊದಲೇ ನಷ್ಟಕ್ಕೆ ಮಾರಿದವರನ್ನು ಕಂಡಿದ್ದೇನೆ. ‘ಬೆಲೆ ಹೆಚ್ಚು, ಆದ್ದರಿಂದ ಚಿತ್ರ ಇನ್ನಷ್ಟು ಚೊಕ್ಕಟವಾಗಿ ಬಂದೀತು’ ಎಂಬ ಲೆಕ್ಕ ಹತ್ತು-ಹನ್ನೆರಡು ವರ್ಷದ ಹಿಂದೆ ಸರಿಯಿತ್ತು. ಈಗ ಆ ಲೆಕ್ಕ ಕೂಡುವುದಿಲ್ಲ.

ದುಬಾರಿ ಲೆನ್ಸ್‌ನಲ್ಲಿ ಆಟೋಫೋಕಸ್ ಏಕಿಲ್ಲ ಎಂಬಲ್ಲಿಂದ ಹೊರಡೋಣ. ಫೋಕಸ್ ಮಾಡುವುದೆಂದರೆ ಲೆನ್ಸ್‌ನೊಳಗಿನ ಗಾಜುಗಳನ್ನು ಹಿಂದೆ ಮುಂದೆ ಸರಿಸುವುದು. ಎಫ್/1.4ರಷ್ಟು ಬಾಯಿ ಅಗಲವಿರುವ 85 ಮಿ.ಮೀ. ಲೆನ್ಸ್‌ನ ಮುಂದಿನ ಗಾಜು ಅಡ್ಡಳತೆಯಲ್ಲಿ 60 ಮಿ.ಮೀ. ಮೀರಲೇಬೇಕು, 85ನ್ನು 1.4ರಿಂದ ಭಾಗಿಸಿ ನೋಡಿದರೆ ಗೊತ್ತಾಗುತ್ತದೆ. ಅಂಥ ದಪ್ಪ ಗಾಜುಗಳ ಗುಂಪನ್ನು ಒಂದು ಪುಟ್ಟ ಮೋಟಾರು ಕ್ಷಣಾರ್ಧದಲ್ಲಿ ಎಳೆದು ನಿಲ್ಲಿಸುವುದು ಕಷ್ಟ. ಹಾಗಾಗಿ ಆಟೋಫೋಕಸ್ ಲೆನ್ಸ್ ವಿನ್ಯಾಸ ಮಾಡುವವರು ಹಗುರವಾದ ಕೆಲವೇ ಗಾಜುಗಳು ಸರಿದರೆ ಸಾಕಾಗುವಂತೆ ಹೊಂದಿಸಬೇಕು, ಆ ಹೊಂದಾಣಿಕೆಗೆ ಬೇರೆಲ್ಲೋ ಬೆಲೆ ತೆರಬೇಕು. ಮೋಟಾರಿನ ಹಂಗಿಲ್ಲದವರಿಗೆ ಈ ಕಟ್ಟು ಇಲ್ಲ. ಗಾಜು ಎಷ್ಟು ಭಾರವಿದ್ದರೂ ಹಿತ್ತಾಳೆಯ ಅಥವಾ ಅಲ್ಯೂಮಿನಿಯಮಿನ ತಿರುಪಿನ ಮೇಲೆ ಕೈಯ ಬಲದಿಂದ ಸರಿಯುತ್ತದೆ.

2013ರಲ್ಲಿ ಝೈಸ್ ಮೊದಲ ಓಟಸ್, 55 ಮಿ.ಮೀ. ಎಫ್/1.4, ತಂದಾಗ ಇದೇ ನಡೆದದ್ದು. ಬೆಲೆ 4,000 ಡಾಲರಿನ ಹತ್ತಿರ, ತೂಕ ಒಂದು ಕಿಲೋದ ಹತ್ತಿರ. ಅಂದಿನ ಯಾವ ಆಟೋಫೋಕಸ್ ಲೆನ್ಸ್ ಕೂಡ ಎಫ್/1.4ರಲ್ಲಿ ಅದರ ಪಕ್ಕ ನಿಲ್ಲುವಂತಿರಲಿಲ್ಲ. ಮರುವರ್ಷವೇ ಸಿಗ್ಮಾ ತನ್ನ 50 ಮಿ.ಮೀ. ಎಫ್/1.4 ಆರ್ಟ್ ಲೆನ್ಸನ್ನು 949 ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಓಟಸ್‌ಗೆ ಸಮವಲ್ಲದಿದ್ದರೂ, ಬೆಲೆ ಕಾಲು ಭಾಗವಾದರೂ ಗುಣ ಕಾಲು ಭಾಗವಲ್ಲ ಎಂಬುದನ್ನು ಅದು ತೋರಿಸಿತು. ಆಮೇಲೆ ಲೀನಿಯರ್ ಮೋಟಾರುಗಳು ಬಂದವು, ಎರಡು ಗುಂಪು ಗಾಜುಗಳನ್ನು ಬೇರೆ ಬೇರೆಯಾಗಿ ಸರಿಸುವ ವಿನ್ಯಾಸಗಳು ಬಂದವು. 2020ರ ಸಿಗ್ಮಾ 85 ಮಿ.ಮೀ. ಎಫ್/1.4 ಡಿಜಿ ಡಿಎನ್ ಆರ್ಟ್, ಅಂದರೆ ನೀವು ಹೇಳುತ್ತಿರುವ ಲೆನ್ಸ್, ಕೇವಲ 630 ಗ್ರಾಂ ಆಸುಪಾಸು ತೂಗುತ್ತದೆ. 2024ರ ಸೋನಿ 85 ಮಿ.ಮೀ. ಜಿ ಮಾಸ್ಟರ್‌ನ ಎರಡನೆಯ ಆವೃತ್ತಿಯೂ ಹೆಚ್ಚುಕಡಿಮೆ ಅಷ್ಟೇ ತೂಕ. 2025ರಲ್ಲಿ ಪ್ರಕಟವಾದ ಓಟಸ್ ಎಂಎಲ್ 85 ಇವೆರಡಕ್ಕಿಂತಲೂ ಸಾಕಷ್ಟು ಭಾರ. ರಾತ್ರಿಯಿಡೀ ಆಟ ನೋಡುತ್ತ ಕ್ಯಾಮೆರಾ ಎತ್ತಿ ಇಳಿಸುವ ನಿಮ್ಮ ಮಣಿಕಟ್ಟಿಗೆ ಈ ವ್ಯತ್ಯಾಸ ಬೆಳಗಿನ ಜಾವ ಮೂರರ ಹೊತ್ತಿಗೆ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದು ಹಳೆಯ ಕಾರಣವೂ ಸವೆದಿದೆ. ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಫೋಕಸ್ ಅಳೆಯುವ ಸಾಧನ ಬೇರೆ ಇತ್ತು, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎರಡರ ನಡುವೆ ಕೂದಲೆಳೆಯಷ್ಟು ಹೊಂದಿಕೆ ತಪ್ಪಿದರೂ ಕಣ್ಣಿಗೆ ಇಟ್ಟ ಫೋಕಸ್ ಕಿವಿಯ ಮೇಲೆ ಕೂರುತ್ತಿತ್ತು. ಅದರ ಕಾಟ ತಾಳಲಾರದೆ ಮ್ಯಾನುಯಲ್ ಲೆನ್ಸ್‌ಗೆ ಬಂದವರು ಅನೇಕರು, ನಾನೂ ಅವರಲ್ಲೊಬ್ಬ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸೆನ್ಸರೇ ಫೋಕಸ್ ಅಳೆಯುತ್ತದೆ, ಆದ್ದರಿಂದ ಆ ದೋಷ ಬಹುಮಟ್ಟಿಗೆ ಇಲ್ಲವಾಗಿದೆ.

ಈಗ ಚಿತ್ರದಲ್ಲಿ ಕಾಣುತ್ತದೆಯೇ ಎಂಬ ಪ್ರಶ್ನೆ. ನಿಮ್ಮ ಶಿಲ್ಪಗಳನ್ನೇ ಮೊದಲು ತೆಗೆದುಕೊಳ್ಳಿ. ಹಳೇಬೀಡಿನ ಹೊರಗೋಡೆಯ ಒಂದು ಮೂರ್ತಿಯ ಮೂಗಿನ ತುದಿಯಿಂದ ಹಿಂದಿನ ಪ್ರಭಾವಳಿಯವರೆಗೆ ಆಳವಿದೆ. ಅದೆಲ್ಲ ಸ್ಪಷ್ಟವಾಗಿ ಬರಬೇಕೆಂದರೆ ಲೆನ್ಸ್‌ನ ಬಾಯಿ ಕಿರಿದು ಮಾಡಿ ಎಫ್/5.6, ಎಫ್/8ಕ್ಕೆ ಹೋಗಲೇಬೇಕು. ಅಲ್ಲಿಗೆ ಬಂದ ಮೇಲೆ ಓಟಸ್, ಸಿಗ್ಮಾ, ಸೋನಿ ಮೂರರ ನಡುವಿನ ವ್ಯತ್ಯಾಸ ಮುದ್ರಿಸಿದ ಚಿತ್ರದಲ್ಲಿ ನನ್ನ ಕಣ್ಣಿಗೆ ಕಾಣುವುದಿಲ್ಲ, ನಿಮ್ಮ ಕಣ್ಣಿಗೂ ಕಾಣಲಾರದು. ಬಳಪದ ಕಲ್ಲಿನ ಆ ಸೂಕ್ಷ್ಮ ಹಾರಗಳನ್ನು ಎದ್ದು ತೋರಿಸುವುದು ಬೆಳಿಗ್ಗೆ ಗೋಡೆಗೆ ಓರೆಯಾಗಿ ಬೀಳುವ ಬಿಸಿಲು. ಎಫ್/1.4ಕ್ಕೆಂದು ಹಣ ಕೊಟ್ಟು ಎಫ್/8ರಲ್ಲಿ ಚಿತ್ರ ತೆಗೆಯುವುದೆಂದರೆ ಕೊಟ್ಟ ಹಣವನ್ನು ಮುಟ್ಟದೆ ಬಿಟ್ಟಂತೆ. ಸಿಗ್ಮಾದ ಒಂದು ಕೊರತೆ ಇಲ್ಲಿ ನಿಮಗೆ ಗೊತ್ತಿರಲಿ: ಅದರ ಮೂಲ ಚಿತ್ರದಲ್ಲಿ ನೇರ ಗೆರೆಗಳು ಒಳಕ್ಕೆ ಬಾಗುತ್ತವೆ, ಕ್ಯಾಮೆರಾ ಅಥವಾ ಸಾಫ್ಟ್‌ವೇರ್ ಅದನ್ನು ತಿದ್ದುತ್ತದೆ. ಗೋಡೆ, ಕಂಬ ತೆಗೆಯುವಾಗ ಆ ತಿದ್ದುಪಡಿ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ.

ಓಟಸ್ ತನ್ನ ಬೆಲೆಯನ್ನು ಸಮರ್ಥಿಸಿಕೊಳ್ಳುವ ಜಾಗವೂ ನಿಮ್ಮ ವಿಷಯಗಳಲ್ಲೇ ಇದೆ, ಅದು ಕಿರೀಟ. ವೇಷದ ಕಿರೀಟ, ಎದೆಪದಕ, ಭುಜಕೀರ್ತಿಗಳಲ್ಲಿ ಕೂರಿಸಿದ ಕನ್ನಡಿ ಚೂರುಗಳು ದೀಪಕ್ಕೆ ನೂರು ಚುಕ್ಕಿಗಳಾಗಿ ಹೊಳೆಯುತ್ತವೆ. ಎಫ್/1.4ರಲ್ಲಿ ಸಾಮಾನ್ಯ ಲೆನ್ಸ್ ಇಟ್ಟರೆ, ಫೋಕಸ್‌ಗಿಂತ ಮುಂದಿರುವ ಚುಕ್ಕಿಗಳ ಅಂಚಿಗೆ ನೇರಳೆ, ಹಿಂದಿರುವವುಗಳ ಅಂಚಿಗೆ ಹಸಿರು ಮೆತ್ತಿಕೊಳ್ಳುತ್ತದೆ. ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ದೂರದಲ್ಲಿ ಕೂಡುವುದರಿಂದ ಬರುವ ದೋಷ ಇದು, ಆಮೇಲೆ ತಿದ್ದುವುದು ತ್ರಾಸದ ಕೆಲಸ. ಅಪೋಕ್ರೊಮ್ಯಾಟ್ ಎಂದು ಕರೆಯುವ ಲೆನ್ಸ್‌ಗಳು, ಓಟಸ್ ಸೇರಿದಂತೆ, ಈ ದೋಷವನ್ನು ಇಲ್ಲವೆನ್ನುವಷ್ಟು ಕಡಿಮೆ ಮಾಡುತ್ತವೆ. ಚಿನ್ನದ ಬೇಗಡೆ ಚಿನ್ನದ ಬಣ್ಣದಲ್ಲೇ ಉಳಿಯುತ್ತದೆ. ಇದು ಕಾಣುವ ವ್ಯತ್ಯಾಸ, ನಾನು ಅಲ್ಲಗಳೆಯುವುದಿಲ್ಲ. ಆದರೆ ಎಫ್/2ಕ್ಕೆ ಇಳಿದರೆ ಅದು ಕುಗ್ಗುತ್ತದೆ, ಎಫ್/2.8ಕ್ಕೆ ಇಳಿದರೆ ಹುಡುಕಬೇಕಾಗುತ್ತದೆ.

ಮ್ಯಾನುಯಲ್ ಲೆನ್ಸ್‌ನ ನಿಜವಾದ ಪರೀಕ್ಷೆ ಗಾಜಿನದಲ್ಲ, ಸಮಯದ್ದು. ಸಣ್ಣ ಲೆಕ್ಕವೊಂದನ್ನು ಕೊಡುತ್ತೇನೆ. ಎದುರಿನವರು ಎರಡು ಮೀಟರ್ ದೂರದಲ್ಲಿದ್ದಾರೆ, ಲೆನ್ಸ್ 85 ಮಿ.ಮೀ., ಎಫ್/1.4. ಸ್ಪಷ್ಟವಾಗಿ ಬರುವ ಪದರದ ದಪ್ಪ ಸುಮಾರು 4.5 ಸೆಂ.ಮೀ. ಮಕ್ಕಳು ಒಂದೂವರೆ ಮೀಟರಿಗೆ ಬಂದರೆ ಅದು ಎರಡೂವರೆ ಸೆಂ.ಮೀ. ಸುತ್ತಮುತ್ತ. ದೊಡ್ಡದಾಗಿ ಮುದ್ರಿಸುವವರಿಗೆ ಪದರ ಇದಕ್ಕಿಂತಲೂ ತೆಳುವೆಂದೇ ಲೆಕ್ಕ. ಸುಮ್ಮನೆ ನಿಂತ ಮನುಷ್ಯ ಉಸಿರಾಡುತ್ತ ವಾಲುವುದೇ ಒಂದೆರಡು ಸೆಂ.ಮೀ., ಕ್ಯಾಮೆರಾ ಹಿಡಿದ ನೀವೂ ಅಷ್ಟೇ ವಾಲುತ್ತೀರಿ. ನೀವು ಉಂಗುರ ತಿರುಗಿಸಿ, ಸರಿಯಾಯಿತೆಂದು ನಿಲ್ಲಿಸಿ, ಗುಂಡಿ ಒತ್ತುವಷ್ಟರಲ್ಲಿ ಪದರ ಕಣ್ಣನ್ನು ಬಿಟ್ಟು ರೆಪ್ಪೆಗೋ ಕಿವಿಗೋ ಹೋಗಿರುತ್ತದೆ. ಕಣ್ಣನ್ನು ಗುರುತಿಸಿ ಹಿಂಬಾಲಿಸುವ ಈಗಿನ ಆಟೋಫೋಕಸ್ ಆ ವಾಲಾಟವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಯಾವ ಕೈಯೂ ಅದನ್ನು ಸತತವಾಗಿ ಮಾಡಲಾರದು.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳ ಮದುವೆಗೆ ನಾನು ಮ್ಯಾನುಯಲ್ 85ನ್ನೇ ಒಯ್ದಿದ್ದೆ. ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಶುರುವಾಯಿತು, ಅಕ್ಷತೆ ಹಾರಿತು, ಹುಡುಗಿ ತಲೆ ತಗ್ಗಿಸಿ ಮತ್ತೆ ಎತ್ತಿದಳು. ಹದಿನಾಲ್ಕು ಚಿತ್ರಗಳಲ್ಲಿ ಮೂರರಲ್ಲಿ ಮಾತ್ರ ಫೋಕಸ್ ಇತ್ತು, ಆ ಮೂರರಲ್ಲೂ ಅವಳ ಕಣ್ಣು ಮುಚ್ಚಿತ್ತು. ಕಣ್ಣೀರು ತುಂಬಿದ ಕಣ್ಣು ತೆರೆದಿದ್ದ ಚಿತ್ರದಲ್ಲಿ ಸ್ಪಷ್ಟವಾಗಿದ್ದದ್ದು ಜಡೆಯ ಮಲ್ಲಿಗೆ. ಆ ಕ್ಷಣ ಮತ್ತೊಮ್ಮೆ ಬರುವಂಥದ್ದಲ್ಲ. ಅಂದಿನಿಂದ ಮನೆಯ ಸಮಾರಂಭಕ್ಕೆ ನಾನು ಆಟೋಫೋಕಸ್ ಬಿಟ್ಟು ಬೇರೇನನ್ನೂ ಒಯ್ದಿಲ್ಲ. ನಿಮ್ಮ ಮಕ್ಕಳ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ರಂಗಸ್ಥಳದಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಆರು ಮೀಟರ್ ದೂರದಿಂದ ಎಫ್/2ರಲ್ಲಿ ಸುಮಾರು 60 ಸೆಂ.ಮೀ. ಪದರ ಸಿಗುತ್ತದೆ. ಭಾಗವತರ ಪದ ಗೊತ್ತಿದ್ದು, ವೇಷಧಾರಿ ಎಲ್ಲಿ ಬಂದು ನಿಲ್ಲುತ್ತಾರೆಂದು ಊಹಿಸಬಲ್ಲವರು ಅಲ್ಲಿ ಮೊದಲೇ ಫೋಕಸ್ ಇಟ್ಟು ಕಾಯಬಹುದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ನಮ್ಮ ವನ್ಯಜೀವಿ ಛಾಯಾಗ್ರಾಹಕರು ಆಟೋಫೋಕಸ್ ಹುಟ್ಟುವ ಮೊದಲೇ ಹಕ್ಕಿಗಳನ್ನು ಸೆರೆಹಿಡಿದವರು. ಆ ತಲೆಮಾರಿನ ಬಲವೇ ಪ್ರಾಣಿ ಎಲ್ಲಿಗೆ ಬಂದೀತೆಂಬ ಅರಿವು ಮತ್ತು ಅಲ್ಲಿ ಕಾಯುವ ತಾಳ್ಮೆ. ಆದರೂ ಮಂಡಿ ಹಾಕಿ ಸುತ್ತುತ್ತ ವೇಷ ನಿಮ್ಮ ಕಡೆಗೇ ಬಂದರೆ ಆ 60 ಸೆಂ.ಮೀ. ಒಂದೇ ಹೆಜ್ಜೆಗೆ ಮುಗಿಯುತ್ತದೆ. ಆಟೋಫೋಕಸ್ ಕೂಡ ಇಲ್ಲಿ ಕೆಲವೊಮ್ಮೆ ಎಡವುತ್ತದೆ. ಬಣ್ಣದ ವೇಷದ ದಟ್ಟ ಮುಖವರ್ಣಿಕೆಯನ್ನು ಕ್ಯಾಮೆರಾ ಮುಖವೆಂದೇ ಒಪ್ಪದಿರುವುದುಂಟು. ಆಗ ಮುಖ ಗುರುತಿಸುವುದನ್ನು ಬಿಟ್ಟು ಚಿಕ್ಕ ಫೋಕಸ್ ಚೌಕವೊಂದನ್ನು ಎದೆಪದಕದ ಮೇಲಿಟ್ಟು ಹಿಂಬಾಲಿಸಲು ಬಿಡಿ.

ಚೌಕಿಯ ಮಾತು ಬಂದಾಗ ನಾನು ಮ್ಯಾನುಯಲ್ ಲೆನ್ಸ್‌ನ ಪರ. ಕಲಾವಿದರು ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಪುಟ್ಟ ಕನ್ನಡಿ, ಇನ್ನೊಂದರಲ್ಲಿ ಕಡ್ಡಿ ಹಿಡಿದು ಹುಬ್ಬಿನ ಗೆರೆ ಎಳೆದುಕೊಳ್ಳುತ್ತಿರುತ್ತಾರೆ. ನೀವು ಅವರ ಹಿಂದೆ, ಭುಜದ ಪಕ್ಕದಿಂದ ನೋಡುತ್ತಿದ್ದೀರಿ. ಕನ್ನಡಿಯೊಳಗೆ ಕಾಣುವ ಕಣ್ಣು ನಿಮಗೆ ಬೇಕು. ಆ ಕಣ್ಣು ಕನ್ನಡಿಯ ಚೌಕಟ್ಟಿನ ದೂರದಲ್ಲಿಲ್ಲ. ನಿಮ್ಮಿಂದ ಕನ್ನಡಿಗೆ ಎಷ್ಟೋ, ಕನ್ನಡಿಯಿಂದ ಮುಖಕ್ಕೆ ಎಷ್ಟೋ, ಎರಡನ್ನೂ ಕೂಡಿಸಿದಷ್ಟು ದೂರದಲ್ಲಿದೆ. ಆಟೋಫೋಕಸ್ ಒಮ್ಮೆ ಕನ್ನಡಿಯ ಅಂಚನ್ನು ಹಿಡಿಯುತ್ತದೆ, ಒಮ್ಮೆ ಕಿವಿಯನ್ನು, ಒಮ್ಮೆ ಮುಂದೆ ಹಾದುಹೋದ ಸಹಾಯಕನ ಕೈಯನ್ನು. ಮ್ಯಾನುಯಲ್ ಉಂಗುರ ಹಾಗಲ್ಲ. ಹಿಗ್ಗಿಸಿ ನೋಡಿ, ರೆಪ್ಪೆಗಳು ಬಿಡಿಬಿಡಿಯಾಗಿ ಕಾಣುವಲ್ಲಿ ನಿಲ್ಲಿಸಿದರೆ, ಅದು ಅಲ್ಲೇ ಇರುತ್ತದೆ. ಕಡ್ಡಿ ಹುಬ್ಬಿನ ತುದಿಗೆ ಬರುವವರೆಗೆ ನೀವು ಉಸಿರು ಹಿಡಿದು ಕಾಯಬಹುದು. ಅವರ ಕೆಲಸದ ಲಯ ನಿಧಾನ, ನಿಮ್ಮದೂ ಅದಕ್ಕೆ ಹೊಂದಿಕೊಳ್ಳುತ್ತದೆ. ಒಳ್ಳೆಯ ಮ್ಯಾನುಯಲ್ ಲೆನ್ಸ್‌ಗೆ ಕೊಡುವ ಹಣ ಮುಖ್ಯವಾಗಿ ಇಂಥ ಉಂಗುರಕ್ಕೆ, ಇಟ್ಟಲ್ಲಿ ನಿಲ್ಲುವ ಉಂಗುರಕ್ಕೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಆಟೋಫೋಕಸ್ ಲೆನ್ಸನ್ನೇ ಮ್ಯಾನುಯಲ್ ಸ್ಥಾನಕ್ಕೆ ತಂದು ಬಳಸಬಹುದಲ್ಲ ಎಂದು ನೀವು ಕೇಳಬಹುದು. ಬಳಸಬಹುದು, ಆದರೆ ಕೈಗೆ ಸಿಗುವ ಅನುಭವ ಅದಲ್ಲ. ಮಿರರ್‌ಲೆಸ್‌ನ ಬಹುತೇಕ ಆಟೋಫೋಕಸ್ ಲೆನ್ಸ್‌ಗಳಲ್ಲಿ ಉಂಗುರಕ್ಕೂ ಗಾಜಿಗೂ ನೇರ ಕೊಂಡಿ ಇಲ್ಲ. ನೀವು ತಿರುಗಿಸಿದ್ದನ್ನು ವಿದ್ಯುತ್ ಸಂದೇಶವಾಗಿ ಓದಿ ಮೋಟಾರು ಗಾಜನ್ನು ಸರಿಸುತ್ತದೆ. ಕೆಲವದರಲ್ಲಿ ಬೇಗ ತಿರುಗಿಸಿದರೆ ಹೆಚ್ಚು, ಮೆಲ್ಲಗೆ ತಿರುಗಿಸಿದರೆ ಕಡಿಮೆ ಸರಿಯುತ್ತದೆ, ಹಾಗಾಗಿ ಕೈಗೆ ಅಳತೆ ಒಗ್ಗುವುದಿಲ್ಲ. ಎರಡೂ ಕೊನೆಗಳಲ್ಲಿ ತಡೆ ಇಲ್ಲ. ಕ್ಯಾಮೆರಾ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಫೋಕಸ್ ಎಲ್ಲಿತ್ತೆಂಬುದು ಎಷ್ಟೋ ಸಲ ಮರೆತುಹೋಗುತ್ತದೆ. ಮೊದಲ ಓಟಸ್ 55ರ ಉಂಗುರ ಹತ್ತಿರದಿಂದ ಅನಂತದವರೆಗೆ ಸುಮಾರು 250 ಡಿಗ್ರಿ ಸುತ್ತುತ್ತಿತ್ತು, ಅಂದರೆ ಒಂದು ಪೂರ್ಣ ಸುತ್ತಿನ ಮೂರನೇ ಎರಡು ಭಾಗಕ್ಕೂ ಹೆಚ್ಚು. ಎರಡು ಬೆರಳಿನಲ್ಲಿ ಕಣ್ಣಿನ ಪಾಪೆಯಿಂದ ರೆಪ್ಪೆಗೆ ಸರಿಯುವಷ್ಟು ನಯ ಅದರಿಂದ ಬರುತ್ತದೆ. 1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಜನಪ್ರಿಯವಾದ ಮೇಲೆ, ಮೋಟಾರು ಬೇಗ ಮುಟ್ಟಲೆಂದು ಬಹುಪಾಲು ತಯಾರಕರು ಈ ಸುತ್ತನ್ನು ಮೊಟಕು ಮಾಡಿದರು. ಹಳೆಯ ಕೈಗಳಿಗೆ ಅಂದು ಆದ ನಷ್ಟ ಸಣ್ಣದಲ್ಲ.

ನಿಮ್ಮ ಕಣ್ಣಿನ ಬಗ್ಗೆ ಚಿಂತೆ ಬೇಡ. ವ್ಯೂಫೈಂಡರ್ ಪಕ್ಕದಲ್ಲಿ ಡಯಾಪ್ಟರ್ ಎಂಬ ಪುಟ್ಟ ಚಕ್ರವಿದೆ. ಓದುವ ಕನ್ನಡಕ ತೆಗೆದು, ಪರದೆಯ ಅಂಕಿಗಳು ಮೊನಚಾಗಿ ಕಾಣುವವರೆಗೆ ಅದನ್ನು ತಿರುಗಿಸಿ. ಲೆನ್ಸ್‌ನ ದೋಷವೆಂದು ಜನ ದೂರುವ ಎಷ್ಟೋ ಸಂಗತಿಗಳು ಈ ಚಕ್ರದಲ್ಲೇ ಸರಿಹೋಗುತ್ತವೆ. ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಸೌಲಭ್ಯವನ್ನು ಎಫ್/1.4ರಲ್ಲಿ ನಂಬಬೇಡಿ. ಕಣ್ಣು, ರೆಪ್ಪೆ, ಹುಬ್ಬು ಮೂರಕ್ಕೂ ಅದು ಒಟ್ಟಿಗೇ ಬಣ್ಣ ಬಳಿಯುತ್ತದೆ. ಚಿತ್ರ ಹಿಗ್ಗಿಸುವುದನ್ನು ಒಂದು ಗುಂಡಿಗೆ ಜೋಡಿಸಿಕೊಂಡು ಅದನ್ನೇ ಬಳಸಿ. ಒಂದೇ ಚಿತ್ರ ತೆಗೆದು ಸುಮ್ಮನಾಗದೆ, ಉಂಗುರವನ್ನು ಹಾಗೇ ಬಿಟ್ಟು ಒಟ್ಟಿಗೆ ಮೂರು-ನಾಲ್ಕು ತೆಗೆಯಿರಿ. ವಾಲಾಟದಲ್ಲಿ ಒಂದಾದರೂ ಸರಿಯಾದ ಜಾಗಕ್ಕೆ ಬರುತ್ತದೆ.

ಆಯುಷ್ಯದ ಮಾತು ಬಂದರೆ ಮ್ಯಾನುಯಲ್ ಲೆನ್ಸ್ ಗೆಲ್ಲುತ್ತದೆ. ಮೋಟಾರು ಸುಟ್ಟರೆ, ತಯಾರಕರು ಬಿಡಿಭಾಗ ನಿಲ್ಲಿಸಿದರೆ, ಆಟೋಫೋಕಸ್ ಲೆನ್ಸ್ ಗಾಜಿನ ತೂಕವಷ್ಟೇ. ಮ್ಯಾನುಯಲ್‌ನಲ್ಲಿ ತಿರುಪಿನ ಗ್ರೀಸ್ ಒಣಗಿದರೆ ಅನುಭವಸ್ಥ ಮೆಕ್ಯಾನಿಕ್ ಬಿಚ್ಚಿ ಹೊಸದು ಹಾಕುತ್ತಾನೆ. ಆದರೆ ನಿಮ್ಮ ಕರಾವಳಿಯ ಮಳೆಗಾಲ ಎರಡನ್ನೂ ಬಿಡುವುದಿಲ್ಲ. ಒಳಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದರೆ ಓಟಸ್ ಆದರೇನು, ಸಿಗ್ಮಾ ಆದರೇನು. ಲೆನ್ಸ್‌ಗೆಂದು ಇಟ್ಟ ಹಣದಲ್ಲಿ ಸ್ವಲ್ಪ ತೆಗೆದು, ತೇವಾಂಶವನ್ನು ಶೇ 40ರಿಂದ 50ರಲ್ಲಿ ಕಾಯುವ ಒಣ ಪೆಟ್ಟಿಗೆಯನ್ನು ಮೊದಲು ಕೊಳ್ಳಿ. ಚರ್ಮದ ಚೀಲದೊಳಗೆ ಇಟ್ಟು ಬೀರುವಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು.

ಹಾಗಾದರೆ ನೀವು ಮಾಡಬೇಕಾದದ್ದು ಇಷ್ಟು. ಸಿಗ್ಮಾ ಕೊಳ್ಳಿ, ಉಳಿದ ಹಣ ಹಾಗೇ ಇರಲಿ. ಅಮೆರಿಕದಲ್ಲಿ ಓಟಸ್ ಎಂಎಲ್ 85 ಬಂದಾಗ ಅದರ ಬೆಲೆ 3,000 ಡಾಲರಿನ ಹತ್ತಿರ ಇತ್ತು, ಸಿಗ್ಮಾ ಬಂದಾಗ 1,199 ಇತ್ತು. ನಡುವಿನ ಅಂತರದಲ್ಲಿ ಇನ್ನೊಂದು ಒಳ್ಳೆಯ ಲೆನ್ಸೇ ಬರುತ್ತದೆ. ಕೈ ಫೋಕಸ್ ನಿಮಗೆ ಒಗ್ಗುವುದೋ ಇಲ್ಲವೋ ಎಂದು ತಿಳಿಯಲು ಹಳೆಯ ನಿಕಾನ್ 105 ಮಿ.ಮೀ. ಎಫ್/2.5 ಎಐ-ಎಸ್ ಲೆನ್ಸೊಂದನ್ನು ಅಡಾಪ್ಟರ್ ಹಾಕಿ ಬಳಸಿ ನೋಡಿ. ಹಳೆಯ ಮಾಲು ಮಾರುವ ಅಂಗಡಿಗಳಲ್ಲಿ ಹೆಚ್ಚು ಬೆಲೆಯಿಲ್ಲದೆ ಸಿಗುತ್ತದೆ, ಮುಖಚಿತ್ರಕ್ಕೆ ಇವತ್ತಿಗೂ ಸೊಗಸಾದ ಲೆನ್ಸ್. ಅದಕ್ಕೆ ವಿದ್ಯುತ್ ಸಂಪರ್ಕವಿಲ್ಲದ್ದರಿಂದ, ಕ್ಯಾಮೆರಾದ ಅಲುಗಾಟ ತಡೆಯುವ ವ್ಯವಸ್ಥೆಗೆ ‘105’ ಎಂದು ನೀವೇ ತುಂಬಬೇಕು, ಮರೆಯಬೇಡಿ. ಒಂದು ಸುಗ್ಗಿಯ ಆಟಗಳಿಗೆ ಅದನ್ನು ಚೌಕಿಗೆ ಒಯ್ಯಿರಿ.

ಕೈ ಪಳಗಿ, ಇನ್ನೂ ಬೇಕೆನ್ನಿಸಿದರೆ ಆಗಲೂ ನಾನು ಓಟಸ್ ಹೇಳುವುದಿಲ್ಲ. ಜಪಾನಿನ ಕೊಸಿನಾ ಕಂಪನಿ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ತಯಾರಿಸುವ 65 ಮಿ.ಮೀ. ಎಫ್/2 ಮ್ಯಾಕ್ರೊ ಅಪೋ-ಲಾಂತಾರ್ ನೋಡಿ ಎನ್ನುತ್ತೇನೆ. ಸೋನಿ ಕ್ಯಾಮೆರಾಗೆ ನೇರ ಕೂರುವ ಆವೃತ್ತಿ ಇದೆ, ವಿದ್ಯುತ್ ಸಂಪರ್ಕವಿದೆ, ಉಂಗುರ ಮುಟ್ಟಿದೊಡನೆ ಚಿತ್ರ ಹಿಗ್ಗುವಂತೆ ಇಟ್ಟುಕೊಳ್ಳಬಹುದು. ಬಣ್ಣದ ಅಂಚಿನ ದೋಷ ಹುಡುಕಿದರೂ ಸಿಗದಷ್ಟು ಕಡಿಮೆ. ಸೆನ್ಸರ್ ಮೇಲೆ ವಸ್ತುವಿನ ಅರ್ಧ ಗಾತ್ರದ ಬಿಂಬ ಬೀಳುವಷ್ಟು ಹತ್ತಿರಕ್ಕೆ ಹೋಗುತ್ತದೆ, ಆದ್ದರಿಂದ ಮೂರ್ತಿಯ ಬೆರಳಿನ ಉಂಗುರವೂ, ಕಿರೀಟದ ಕನ್ನಡಿ ಚೂರೂ ದೊಡ್ಡದಾಗಿ ಬರುತ್ತವೆ. ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದನ್ನು ಮೊದಲೇ ಕೇಳಿ ಪಡೆದರೆ ಈ ಲೆನ್ಸ್‌ನ ಪೂರ್ತಿ ಸಾಮರ್ಥ್ಯ ಕಲ್ಲಿನ ಮೇಲೆ ಕಾಣಸಿಗುತ್ತದೆ.

ಯಾವುದನ್ನೇ ಕೊಂಡರೂ ಬಿಲ್ಲು ಮತ್ತು ಭಾರತದ ವಾರಂಟಿ ಇರಲಿ, ಅಂಗಡಿ ಮರಳಿ ಪಡೆಯುವ ಅವಧಿಯೊಳಗೆ ಒಂದು ಪರೀಕ್ಷೆ ಮಾಡಿಬಿಡಿ. ಸಮುದ್ರದ ದಡದಲ್ಲಿ ನಿಂತು, ದೂರದ ತೆಂಗಿನ ಸಾಲನ್ನು ಚೌಕಟ್ಟಿನ ನಡುವೆ ಇಟ್ಟು ಎಫ್/1.4ರಲ್ಲಿ ಫೋಕಸ್ ಹಿಡಿಯಿರಿ. ಆಮೇಲೆ ಆ ಫೋಕಸ್ ಮುಟ್ಟದೆ ಅದೇ ಸಾಲನ್ನು ಎಡ ಅಂಚಿಗೆ, ಬಲ ಅಂಚಿಗೆ, ಮೇಲಕ್ಕೆ, ಕೆಳಕ್ಕೆ ತಂದು ಒಂದೊಂದು ಚಿತ್ರ ತೆಗೆಯಿರಿ. ಮನೆಗೆ ಬಂದು ಪೂರ್ತಿ ಹಿಗ್ಗಿಸಿ ನೋಡಿದಾಗ ನಾಲ್ಕೂ ಅಂಚುಗಳು ಒಂದೇ ಸಮ ಇದ್ದರೆ ಲೆನ್ಸ್ ಇಟ್ಟುಕೊಳ್ಳಿ. ಒಂದು ಬದಿಯ ಗರಿಗಳು ಬಿಡಿಬಿಡಿಯಾಗಿ ಕಂಡು ಇನ್ನೊಂದು ಬದಿಯವು ಕಲಸಿಕೊಂಡಿದ್ದರೆ ಒಳಗಿನ ಗಾಜು ವಾಲಿದೆ ಎಂದರ್ಥ. ಅಂಗಡಿಯವರು ಏನೇ ಸಮಾಧಾನ ಹೇಳಿದರೂ ಬದಲಾಯಿಸಿಕೊಂಡೇ ಬನ್ನಿ.